ಜಾವಾಕ್ಕೆ ಬೆಸೆದ ಎರಡು ಕೊಕ್ಕೆಗಳು

ಹಳೆಯ ಜಾವಾ ಮೋಟಾರ್ ಸೈಕಲ್ಲು ಮನೆಯ ಮುಂದೆ ನಿಂತಿದ್ದರೆ ಬೀದಿಯಲ್ಲಿ ಹೋಗುವವರು ಸುಮ್ಮನೆ ಹೋಗುವುದಿಲ್ಲ. ಮೈಸೂರಿನಲ್ಲಂತೂ ಹೋಗುವುದೇ ಇಲ್ಲ. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿ ಒಂದು ತಲೆಮಾರೇ ಕಳೆದಿದ್ದರೂ ಆ ಗಾಡಿಯ ಬಗ್ಗೆ ಹೇಳಲು ಈ ಊರಿನಲ್ಲಿ ಎಲ್ಲರ ಹತ್ತಿರವೂ ಏನಾದರೊಂದು ಇರುತ್ತದೆ. ಸೋದರಮಾವ ಓಡಿಸುತ್ತಿದ್ದರು, ಎದುರು ಮನೆಯವರು ಅಲ್ಲಿ ಕೆಲಸಕ್ಕಿದ್ದರು, ಕಿಕ್ಕರ್ ವಾಪಸ್ ಹೊಡೆದು ಅಣ್ಣನ ಕಾಲು ಬಾತುಕೊಂಡಿತ್ತು, ಹೀಗೆ. ಕಥೆ ಮುಗಿದ ಮೇಲೆ ಎರಡು ಪ್ರಶ್ನೆಗಳು ಬರುತ್ತವೆ. ಮೊದಲನೆಯದು, ‘ಗಾಡಿ ಕೊಡುತ್ತೀರಾ?’ ಇಲ್ಲ ಎಂದರೆ ಅದು ಅಲ್ಲಿಗೆ ಮುಗಿಯಿತು. ಎರಡನೆಯದು, ‘ಎಲ್ಲ ಒರಿಜಿನಲ್ಲೇ ತಾನೇ?’

ಈ ಎರಡನೆಯ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಭಾಗಗಳ ಲೆಕ್ಕ ಕೇಳಿದರೆ ಹೇಳಬಲ್ಲೆ. ಯಾವುದು ಗಾಡಿಯ ಜೊತೆಗೇ ಬಂದದ್ದು, ಯಾವುದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡದ್ದು, ಯಾವುದು ಜೆಕ್ ದೇಶದಿಂದ ಅಂಚೆಯಲ್ಲಿ ಬಂದದ್ದು ಎಂಬುದೆಲ್ಲ ನಟ್ಟು ಬೋಲ್ಟುಗಳ ಮಟ್ಟಿಗೆ ಬಾಯಿಪಾಠವಾಗಿದೆ. ಆದರೆ ಕೇಳುವವರಿಗೆ ಬೇಕಾದದ್ದು ಆ ಲೆಕ್ಕವಲ್ಲ. ಅವರ ಕಣ್ಣ ಮುಂದೆ ಇನ್ನೊಂದು ಗಾಡಿ ಇರುತ್ತದೆ: ಷೋರೂಮಿನಿಂದ ಆಗತಾನೇ ಇಳಿದದ್ದು, ಕಡುಗೆಂಪು ಬಣ್ಣ, ಟ್ಯಾಂಕಿನ ಕ್ರೋಮಿನಲ್ಲಿ ಮುಖ ನೋಡಿಕೊಳ್ಳಬಹುದು, ಎಲ್ಲೂ ಒಂದು ಗೀರಿಲ್ಲ. ಯೋಚಿಸಿ ನೋಡಿದರೆ ಅಂಥ ಗಾಡಿ ಇದ್ದದ್ದು ಒಂದೇ ದಿನ. ಮರುದಿನದಿಂದ ಅದು ಮಳೆಯಲ್ಲಿ ನೆನೆಯಿತು, ಕೆಸರಿನಲ್ಲಿ ಜಾರಿ ಬಿತ್ತು, ಮೂಟೆ ಹೊತ್ತಿತು, ಮದುವೆಗೆ ಹೋಯಿತು, ಆಸ್ಪತ್ರೆಗೆ ಹೋಯಿತು. ಐವತ್ತು ವರ್ಷಗಳ ಈ ಬಾಳನ್ನೆಲ್ಲ ಕೆರೆದು ಹಾಕಿ ಗಾಡಿಯನ್ನು ಆ ಮೊದಲ ದಿನಕ್ಕೇ ಏಕೆ ವಾಪಸ್ ಒಯ್ಯಬೇಕು? ಒಯ್ಯದೆ ಬಿಟ್ಟರೆ ತುಕ್ಕು ತಿನ್ನುವುದನ್ನು ನೋಡುತ್ತ ಕೂರಬೇಕಲ್ಲ? ನಾನು ಶೆಡ್ಡಿನಲ್ಲಿ ಕಳೆದ ಹೊತ್ತಿನಲ್ಲಿ ಸ್ಪ್ಯಾನರ್ ಹಿಡಿದದ್ದಕ್ಕಿಂತ ಈ ಎರಡರ ನಡುವೆ ತೂಗಾಡಿದ್ದೇ ಹೆಚ್ಚು.

ಹಾಲಿನವರ ಗಾಡಿ

ಗಾಡಿ ಸಿಕ್ಕಿದ್ದು ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ. ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದರು. ಮೇಲೆ ಗೋಣಿತಾಟು, ಅದರ ಮೇಲೆ ರಾಗಿಹುಲ್ಲು. ಸೀಟಿನ ಒಳಗಿನ ನಾರನ್ನೆಲ್ಲ ಇಲಿಗಳು ಎಳೆದು ಗೂಡು ಮಾಡಿದ್ದವು. 1969ರ ಜಾವಾ 250. ಆಮೇಲೆ ಆ ಕಾರ್ಖಾನೆಯ ಗಾಡಿಗಳಿಗೆ ಬಂದ ಯೆಜ್ಡಿ ಎಂಬ ಹೆಸರು ಆಗ ಇನ್ನೂ ಇರಲಿಲ್ಲ. ಕೆಎ ಸರಣಿಗೆ ಮೊದಲಿನ, ಮೂರು ಅಕ್ಷರಗಳ ಹಳೆಯ ನಂಬರು. ಓಡಿಸುತ್ತಿದ್ದ ಯಜಮಾನರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ ಶಾಲೆಯ ಮೇಷ್ಟ್ರು. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿಕೊಂಡು ಹೋಗಿದ್ದಾನೆ, ಕೊಡಲು ಮನಸ್ಸು ಬಂದಿಲ್ಲ ಎಂದರು.

ಗೋಣಿತಾಟು ಎತ್ತಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಿಂಬದಿಯ ಎರಡು ಕೊಕ್ಕೆಗಳು. ಸೀಟಿನ ಕೆಳಗೆ, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಹತ್ತಿರ, ಚಾಸಿಸ್ಸಿಗೇ ಬೆಸೆದಿದ್ದರು. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಹೆಬ್ಬೆರಳಿನ ದಪ್ಪದ ಸರಳನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ್ದು. ಸುತ್ತಿಗೆಯ ಪೆಟ್ಟುಗಳು ಒಂದರ ಪಕ್ಕ ಒಂದು ಹಾಗೆಯೇ ಕಾಣುತ್ತಿದ್ದವು. ಬೆಸುಗೆ ಹಿತ್ತಾಳೆಯದು. ಕೊಕ್ಕೆಯ ಒಳಮೈಗೆ ಸೈಕಲ್ ಟ್ಯೂಬಿನ ತುಂಡನ್ನು ಬಿಗಿಯಾಗಿ ಸುತ್ತಿ ತಂತಿಯಲ್ಲಿ ಕಟ್ಟಿದ್ದರು. ಕ್ಯಾನಿನ ಹಿಡಿ ಕಬ್ಬಿಣಕ್ಕೆ ಬಡಿದು ಸದ್ದು ಮಾಡಬಾರದಲ್ಲ, ಅದಕ್ಕೆ. ಜಾವಾಕ್ಕೆ ಒಂದೇ ಸಿಲಿಂಡರ್ ಇದ್ದರೂ ಸೈಲೆನ್ಸರ್ ಎರಡು, ಅತ್ತ ಒಂದು ಇತ್ತ ಒಂದು. ತೂಗುಬಿಟ್ಟ ಕ್ಯಾನು ನೇರವಾಗಿ ಸೈಲೆನ್ಸರಿನ ಮೇಲೆಯೇ ಬರುತ್ತದೆ. ಬಿಸಿ ತಾಗಿದರೆ ಹಾಲು ಒಡೆಯುತ್ತದೆ. ಅದಕ್ಕೆಂದು ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ ಎರಡೂ ಕಡೆ ಒಂದು ಮರೆ ಮಾಡಿದ್ದರು. ಒಂದರ ಮೇಲೆ ಎಣ್ಣೆಯ ಕಂಪನಿಯ ಹಸಿರು ಅಕ್ಷರಗಳು ಇನ್ನೂ ಅರ್ಧಂಬರ್ಧ ಉಳಿದಿದ್ದವು.

‘ನಮ್ಮ ತಂದೆಯವರು ಇದರಲ್ಲೇ ಹಾಲು ಹಾಕುತ್ತಿದ್ದರು ಸಾರ್. ಅಕ್ಕಪಕ್ಕದ ಊರುಗಳದ್ದೂ ಸೇರಿಸಿಕೊಂಡು ಬೆಳಗಿನ ಜಾವ ಹೊರಟರೆ ಹೋಟೆಲುಗಳು ತೆರೆಯುವ ಹೊತ್ತಿಗೆ ಮೈಸೂರು’ ಎಂದರು ಮೇಷ್ಟ್ರು. ‘ಊರಿಗೆ ಡೇರಿ ಬಂತು ನೋಡಿ, ಅಲ್ಲಿಗೆ ನಿಂತಿತು.’ ಈ ಒಂದು ಮಾತಿನಿಂದ ಕೊಕ್ಕೆಗಳ ವಯಸ್ಸು ಸುಮಾರಾಗಿ ಗೊತ್ತಾಯಿತು. ನಮ್ಮ ಹಳೆ ಮೈಸೂರಿನ ಜಿಲ್ಲೆಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳು ಹರಡಿಕೊಂಡದ್ದು 1970ರ ದಶಕದ ನಡುವಿನಿಂದ ಈಚೆಗೆ. ಹಾಗಾದರೆ ಗಾಡಿ ಹೊಸದಿದ್ದಾಗಲೇ, ಕ್ರೋಮ್ ಇನ್ನೂ ಫಳಫಳ ಹೊಳೆಯುತ್ತಿದ್ದಾಗಲೇ, ಯಜಮಾನರು ಅದನ್ನು ಕುಲುಮೆಗೆ ತಳ್ಳಿಕೊಂಡು ಹೋಗಿ ಕೊಕ್ಕೆ ಹಾಕಿಸಿದ್ದಾರೆ. ಅವರಿಗೆ ಅದು ದುಡಿಯಲು ತಂದ ಗಾಡಿ. ಡೇರಿ ಬಂದ ಮೇಲೂ ಕೊಕ್ಕೆಗಳಿಗೆ ಬಿಡುವಿರಲಿಲ್ಲ. ಹಿಂಡಿ, ಯೂರಿಯಾ, ಬಾಳೆಗೊನೆ ಎಲ್ಲ ಅಲ್ಲಿಯೇ ನೇತಾಡಿವೆ.

ಜಾವಾ ಹುಚ್ಚಿನ ಗೆಳೆಯರಿಗೆ ಚಿತ್ರ ಕಳಿಸಿದಾಗ ಬಂದ ಮೊದಲ ಸಲಹೆ, ಕೊಕ್ಕೆಗಳನ್ನು ಕತ್ತರಿಸಿ ಗ್ರೈಂಡ್ ಮಾಡಿಸು ಎಂದು. ಅವರು ಕೆಟ್ಟದ್ದೇನೂ ಹೇಳಲಿಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಸಾಲುಗಟ್ಟಿ ನಿಲ್ಲುವ ಗಾಡಿಗಳನ್ನು ನೋಡಿದರೆ ಅವರ ಆಸೆ ಎಂಥದ್ದೆಂದು ತಿಳಿಯುತ್ತದೆ. ಒಂದಕ್ಕಿಂತ ಒಂದು ಚೆಂದ, ಒಂದೊಂದರ ಹಿಂದೆಯೂ ಒಬ್ಬರ ವರ್ಷಗಟ್ಟಲೆಯ ದುಡ್ಡು, ರಜಾದಿನ, ಮನೆಯವರ ಕೈಲಿ ತಿಂದ ಬೈಗುಳ ಇದೆ. ಆದರೂ ಆ ಸಾಲಿನ ಉದ್ದಕ್ಕೂ ನಡೆದು ಬಂದ ಮೇಲೆ ನನಗೆ ಯಾವ ಗಾಡಿಯೂ ಬೇರೆಯಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಒಬ್ಬ ಅಂಚೆಯವನ ಗಾಡಿ ಯಾವುದು, ಕಾಫಿ ತೋಟದ ರೈಟರದು ಯಾವುದು, ಮಾವನ ಮನೆಯ ಉಡುಗೊರೆಯಾಗಿ ಬಂದು ಬರೀ ಭಾನುವಾರ ಹೊರಗೆ ಬರುತ್ತಿದ್ದದ್ದು ಯಾವುದು? ಎಲ್ಲವೂ ಒಂದೇ ಬೆಳಿಗ್ಗೆ ಹುಟ್ಟಿದಂತೆ ಕಾಣುತ್ತವೆ.

ಕಾಕಂಬಿಯ ಡ್ರಮ್ಮು

ಕಾರು ರಸ್ತೆಗೆ ಹೋಯಿತು, ಶೆಡ್ಡು ಜಾವಾಕ್ಕೆ ಬಂತು. ಇದನ್ನು ಮನೆಯವರು ಒಪ್ಪಿದರು ಎನ್ನುವುದಕ್ಕಿಂತ ಸಹಿಸಿದರು ಎನ್ನುವುದು ಸರಿ. ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಭಾಗ ತೆಗೆಯುವ ಮೊದಲು ಮೊಬೈಲಿನಲ್ಲಿ ಚಿತ್ರ, ಪ್ರತಿ ಬೋಲ್ಟಿಗೆ ಒಂದು ಚೀಟಿ, ಚೀಟಿಯ ಜೊತೆ ಒಂದು ಡಬ್ಬ. ಅಷ್ಟೇ. ಸಿಕ್ಕಿಕೊಂಡ ಬೋಲ್ಟಿಗೆ ಡೀಸೆಲ್ ಬಿಟ್ಟು ರಾತ್ರಿಯೆಲ್ಲ ಕಾಯುವ ತಾಳ್ಮೆ ಇದ್ದವರಿಗೆ ಅರ್ಧ ಕೆಲಸ ಮುಗಿದಂತೆಯೇ.

ತುಕ್ಕಿನ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಮರಳು ಸಿಡಿಸಿ ತುಕ್ಕು ತೆಗೆಸುವುದು ಎಲ್ಲರೂ ಮಾಡುವ ಕೆಲಸ. ಬೇಗ ಆಗುತ್ತದೆ. ಆದರೆ ಅದಕ್ಕೆ ತುಕ್ಕು, ಬಣ್ಣ, ಸುತ್ತಿಗೆಯ ಗುರುತು ಎಲ್ಲ ಒಂದೇ. ತೆಳು ತಗಡಿಗಂತೂ ಅದು ಯಮ. ನಾನು ಹಿಡಿದದ್ದು ಕಾಕಂಬಿಯ ದಾರಿ. ಸಕ್ಕರೆ ತೆಗೆದ ಮೇಲೆ ಉಳಿಯುವ, ದನಗಳ ಮೇವಿಗೆ ಬೆರೆಸುವ ಕಾಕಂಬಿ ಮಂಡ್ಯದ ಕಡೆ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ, ತುಕ್ಕು ಹಿಡಿದ ಭಾಗಗಳನ್ನು ಮುಳುಗಿಸಿಟ್ಟರೆ ಆಯಿತು. ಅದರಲ್ಲಿರುವ ಕೆಲವು ವಸ್ತುಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸಿಕೊಳ್ಳುತ್ತವೆ, ಗಟ್ಟಿ ಕಬ್ಬಿಣವನ್ನು ಬಹುಪಾಲು ಮುಟ್ಟುವುದಿಲ್ಲ. ವಾರ, ಎರಡು ವಾರ ಕಾಯಬೇಕು. ಅಲ್ಯೂಮಿನಿಯಂ ಮಾತ್ರ ಹಾಕಬಾರದು, ಅದನ್ನು ಕಾಕಂಬಿ ತಿಂದುಬಿಡುತ್ತದೆ. ಎಂಜಿನ್ ಕವಚ, ಬ್ರೇಕಿನ ಡ್ರಮ್ಮು ಇವೆಲ್ಲ ದೂರ ಇರಬೇಕು. ನಾಲ್ಕನೆಯ ದಿನಕ್ಕೆ ಮೇಲೆ ನೊರೆ ಕಟ್ಟಿ, ಹುಳಿ ಹುಳಿ ವಾಸನೆ ಎದ್ದು, ಬೀದಿಯ ಇರುವೆ ನೊಣಗಳೆಲ್ಲ ನಮ್ಮ ಶೆಡ್ಡಿಗೆ ದಾಳಿ ಇಟ್ಟವು. ‘ಏನಪ್ಪಾ, ಮನೆಯಲ್ಲಿ ಭಟ್ಟಿ ಇಳಿಸುತ್ತಿದ್ದೀಯಾ?’ ಎಂದು ನಮ್ಮಮ್ಮ ಕೇಳಿದರು. ಪಕ್ಕದ ಮನೆಯವರೂ ಅದನ್ನೇ ಯೋಚಿಸುತ್ತಿದ್ದರೆಂದು ಆಮೇಲೆ ತಿಳಿಯಿತು.

ಎರಡು ವಾರದ ನಂತರ ಹೊರತೆಗೆದು ನೀರಿನಲ್ಲಿ ತೊಳೆದಾಗ ಬಂದದ್ದು ಬೂದು ಬಣ್ಣದ ಬರಿಯ ಕಬ್ಬಿಣ. ಹಳೆಯ ಎರಕದ ಅಂಕಿಗಳು, ಯಾರೋ ಉಳಿಯಿಂದ ಹೊಡೆದ ಗುರುತು, ಕೀಳುವಾಗ ಜಾರಿದ ಸ್ಪ್ಯಾನರಿನ ಗೀರು ಎಲ್ಲ ಸ್ಪಷ್ಟ. ಒಣಗಿದ ಗಳಿಗೆಯಲ್ಲೇ ಎಣ್ಣೆ ಅಥವಾ ಪ್ರೈಮರ್ ಹಚ್ಚಬೇಕು, ಇಲ್ಲವಾದರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಒಳಗೆ ಡ್ರಮ್ಮಿನ ಕೆಲಸ ನಡೆಯುವುದಿಲ್ಲ. ಅದಕ್ಕೆ ಹಳೆಯ ಉಪಾಯವೇ ಸರಿ: ಒಂದಷ್ಟು ಸಣ್ಣ ನಟ್ಟುಗಳು, ಡೀಸೆಲ್ ಹಾಕಿ, ಬಾಯಿ ಬಿಗಿದು, ರಟ್ಟೆ ಸೋಲುವವರೆಗೆ ಕುಲುಕುವುದು. ಎಷ್ಟು ನಟ್ಟು ಒಳಗೆ ಹಾಕಿದಿರಿ ಎಂದು ಎಣಿಸಿಟ್ಟುಕೊಳ್ಳುವುದು ಒಳ್ಳೆಯದು.

ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ

ಹೆಡ್‌ಲೈಟಿನ ಗುಮ್ಮಟವನ್ನು ಡ್ರಮ್ಮಿಗೆ ಹಾಕಲಿಲ್ಲ. ಅದರ ಮೇಲೆ ತುಕ್ಕು ಕಡಿಮೆಯಿತ್ತು, ಬಣ್ಣ ಮಾತ್ರ ಪದರಪದರವಾಗಿ ಕೂತಿತ್ತು. ಮೇಲಿನದು ಕಪ್ಪು, ಕುಂಚದಲ್ಲಿ ಬಳಿದದ್ದು. ವಾಟರ್ ಪೇಪರಿನಲ್ಲಿ ಉಜ್ಜುತ್ತ ಹೋದಂತೆ ಕಪ್ಪಿನ ಕೆಳಗೆ ನೀಲಿ ಬಂತು. ನೀಲಿ ತೆಳುವಾಗುತ್ತಿದ್ದ ಒಂದು ಕಡೆ ಹಳದಿಯ ಒಂದು ವಂಕಿ ಕಾಣಿಸಿತು. ಒರಟು ಕಾಗದ ಬಿಟ್ಟು ನುಣುಪಿನದನ್ನು ತೆಗೆದುಕೊಂಡೆ. ಬೆರಳ ತುದಿಯಲ್ಲಿ ಸುತ್ತಿಕೊಂಡು, ನೀರು ಹನಿಸುತ್ತ, ನೀಲಿಯನ್ನಷ್ಟೇ ತೆಗೆಯುತ್ತ ಹೋದೆ. ‘ಶ್ರೀ’ ಬಂತು. ಆಮೇಲೆ ‘ಚೆಲುವ’. ಮುಗಿಯುವ ಹೊತ್ತಿಗೆ ‘ಶ್ರೀ ಚೆಲುವನಾರಾಯಣಸ್ವಾಮಿ ಪ್ರಸನ್ನ’ ಎಂಬ ಸಾಲು, ಹಳದಿ ಅಕ್ಷರ, ಸುತ್ತ ಕೆಂಪು ಅಂಚು, ಪೂರ್ತಿ ಎದ್ದು ನಿಂತಿತು. ಮೇಲುಕೋಟೆ ಆ ಊರಿನಿಂದ ದೂರವೇನೂ ಇಲ್ಲ. ಬರೆದವನು ಕಸುಬುದಾರ. ‘ಶ್ರೀ’ಯ ಬಾಲವನ್ನು ಸ್ಪೀಡೋಮೀಟರಿನ ಬಳೆಗೆ ಸುತ್ತಿಸಿ ತಂದಿದ್ದಾನೆ. ಆದರೆ ‘ಪ್ರಸನ್ನ’ಕ್ಕೆ ಬರುವ ಹೊತ್ತಿಗೆ ಜಾಗ ಮುಗಿದು ‘ನ್ನ’ವನ್ನು ಉಳಿದ ಅಕ್ಷರಗಳ ಅರ್ಧ ಗಾತ್ರಕ್ಕೆ ಇಳಿಸಿ ತುರುಕಿದ್ದಾನೆ.

ಈಗ ತೊಡಕು ನೋಡಿ. ಆ ಅಕ್ಷರಗಳು ಕೂತಿರುವುದು ಕಾರ್ಖಾನೆಯ ಕಡುಗೆಂಪಿನ ಮೇಲೆಯೇ, ನಡುವೆ ಬೇರೆ ಪದರವಿಲ್ಲ. ಎಲ್ಲರೂ ಕೇಳುವ ಆ ಒರಿಜಿನಲ್ ಬಣ್ಣ ಅಲ್ಲಿಯೇ ಇದೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಅದನ್ನು ಪೂರ್ತಿ ಕಾಣಬೇಕೆಂದರೆ ಚೆಲುವನಾರಾಯಣಸ್ವಾಮಿಯನ್ನು ಉಜ್ಜಿ ತೆಗೆಯಬೇಕು. ಬಣ್ಣ ಹೊಡೆಯುವ ಹುಡುಗ ಬಂದು ನೋಡಿದ. ‘ಇದನ್ನೆಲ್ಲ ಪೂರ್ತಿ ತೆಗೆದು ಪುಟ್ಟಿ ಹಾಕಿ ಹೊಸದಾಗಿ ಹೊಡೆಯೋಣ ಸಾರ್. ದೇವರ ಹೆಸರು ಬೇಕೆಂದರೆ ಸ್ಟಿಕ್ಕರ್ ಮಾಡಿಸಿ ಅಂಟಿಸಿದರಾಯಿತು, ಇದಕ್ಕಿಂತ ನೀಟಾಗಿ ಬರುತ್ತದೆ’ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ನಮ್ಮ ಕಡೆ ಊರ ಗುಡಿಗಳ ಜೀರ್ಣೋದ್ಧಾರ ನಡೆಯುವುದೂ ಹೀಗೆಯೇ: ಭಕ್ತಿಗೆ ಕೊರತೆಯಿಲ್ಲ, ದುಡ್ಡಿಗೂ ಇಲ್ಲ, ನೆಲಕ್ಕೆ ಟೈಲ್ಸ್ ಬರುತ್ತದೆ, ಕಂಬಕ್ಕೆ ಎನಾಮಲ್ ಬರುತ್ತದೆ, ಬಾಗಿಲವಾಡದ ಮೇಲಿನ ಹಳೆಯ ಬರಹ ಎಲ್ಲಿ ಹೋಯಿತೆಂದು ಹತ್ತು ವರ್ಷದ ಮೇಲೆ ಯಾರಾದರೂ ಕೇಳುತ್ತಾರೆ.

ಗುಮ್ಮಟವನ್ನು ಹಾಗೆಯೇ ಬಿಟ್ಟು ಮೇಲೆ ತೆಳುವಾಗಿ ಕ್ಲಿಯರ್ ಲ್ಯಾಕರ್ ಮಾತ್ರ ಹೊಡೆಸಿದೆ. ಆದರೆ ಒಂದು ಕಡೆ ಹೀಗೆ ಬಿಟ್ಟರೆ ಉಳಿದದ್ದರ ಲೆಕ್ಕವೂ ಬದಲಾಗುತ್ತದೆ. ಪಕ್ಕದಲ್ಲೇ ಕನ್ನಡಿಯಂತೆ ಹೊಳೆಯುವ ಟ್ಯಾಂಕು ಇಟ್ಟರೆ ಗುಮ್ಮಟ ಭಿಕ್ಷೆಗೆ ನಿಂತಂತೆ ಕಾಣುತ್ತದೆ. ಹಾಗಾಗಿ ಟ್ಯಾಂಕಿಗೆ ಹೊಸ ಕ್ರೋಮ್ ಮಾಡಿಸಲಿಲ್ಲ. ಅಲ್ಲಲ್ಲಿ ಚುಕ್ಕೆ ಬಿದ್ದಿದ್ದ ಹಳೆಯ ಕ್ರೋಮನ್ನೇ ಉಜ್ಜಿ ಮೇಣ ಹಚ್ಚಿದೆ. ಕ್ರೋಮ್ ಹಾಕಿಸುವುದೆಂದರೆ ಹಳೆಯದನ್ನು ಆಮ್ಲದಲ್ಲಿ ಕಿತ್ತು, ಕಬ್ಬಿಣವನ್ನು ಪಾಲಿಷ್ ಚಕ್ರಕ್ಕೆ ಹಿಡಿದು, ನಿಕ್ಕಲ್ ಕೊಟ್ಟು, ಅದರ ಮೇಲೆ ಕ್ರೋಮ್ ಕೊಡುವುದು. ತಳದ ಕಬ್ಬಿಣ ತೆಳುವಾಗುತ್ತದೆ, ಅದರ ತೊಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳದಿರುವುದೇ ವಾಸಿ ಎನ್ನುವಂಥ ಸಣ್ಣ ಘಟಕಗಳೂ ಇವೆ. ಮಡ್‌ಗಾರ್ಡುಗಳು ಮಾತ್ರ ತೂತುಬಿದ್ದಿದ್ದವು. ಅವಕ್ಕೆ ತೇಪೆ ಬೆಸೆದು ಬಣ್ಣ ಹೊಡೆಸಿದೆ, ಬಣ್ಣವನ್ನು ಬೇಕೆಂದೇ ಸ್ವಲ್ಪ ಮಂಕಾಗಿಸಿ. ಈ ಮಂಕಾಗಿಸುವ ಕೆಲಸ ನನಗೆ ಇವತ್ತಿಗೂ ಅಷ್ಟು ಸರಿಕಾಣುವುದಿಲ್ಲ. ಹೊಸದನ್ನು ಹಳೆಯದೆಂದು ತೋರಿಸುವುದಕ್ಕೂ ಹಳೆಯದನ್ನು ಹೊಸದೆಂದು ತೋರಿಸುವುದಕ್ಕೂ ಅಂಥ ದೊಡ್ಡ ಅಂತರವೇನಿದೆ?

ಸವೆದ ಬೇರಿಂಗು

ಎಂಜಿನ್ನಿನ ವಿಷಯದಲ್ಲಿ ನನಗೆ ಇಂಥ ಯಾವ ಇಕ್ಕಟ್ಟೂ ಬರಲಿಲ್ಲ. ಸವೆದ ಬೇರಿಂಗಿನಲ್ಲಿ ಯಾರ ನೆನಪೂ ಇಲ್ಲ. ಕೊಕ್ಕೆ ಹಾಕಿಸಿದ್ದು ಒಬ್ಬ ಮನುಷ್ಯನ ತೀರ್ಮಾನ. ಬೇರಿಂಗು ಸವೆದದ್ದು ಯಾರ ತೀರ್ಮಾನವೂ ಅಲ್ಲ. ಗಾಡಿಯ ಮೇಲಿನ ಗುರುತುಗಳಲ್ಲಿ ಯಾವುದನ್ನು ಉಳಿಸಬೇಕು ಎನ್ನುವುದಕ್ಕೆ ನಾನು ಕಂಡುಕೊಂಡ ಅಳತೆಗೋಲು ಸದ್ಯಕ್ಕೆ ಇದೊಂದೇ. ಯಾರಾದರೂ ಬೇಕೆಂದು ಮಾಡಿದ್ದೇ, ಅಥವಾ ತಾನಾಗಿ ಆದದ್ದೇ? ಇದು ಎಲ್ಲ ಕಡೆಯೂ ಒಗ್ಗುವುದಿಲ್ಲ. ಎಡಗಡೆಯ ಸೈಲೆನ್ಸರಿನ ತಗ್ಗು ಕ್ಯಾನು ಬಡಿದು ಬಡಿದು ಆದದ್ದು. ಅದು ತಾನಾಗಿ ಆದದ್ದೋ, ಮಾಡಿದ್ದೋ? ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಜಾವಾದ ಎಂಜಿನ್ ಸರಳ ಎನ್ನುತ್ತಾರೆ, ಹೌದು. ಟೂ ಸ್ಟ್ರೋಕ್, ವಾಲ್ವುಗಳಿಲ್ಲ, ಸಿಲಿಂಡರಿನ ಒಳಗಲ (ಬೋರ್) 65 ಮಿಲಿಮೀಟರ್, ಪಿಸ್ಟನ್ನಿನ ಓಟ (ಸ್ಟ್ರೋಕ್) 75. ಒದೆಯುವ ಲಿವರನ್ನೇ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಗೇರ್ ಬದಲಿಸುವಾಗ ಕ್ಲಚ್ಚನ್ನೂ ಅದೇ ಬಿಡಿಸುತ್ತದೆ. ಆದರೆ ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಇರುವ ಕೋಣೆಯೂ ಉಸಿರಾಟಕ್ಕೆ ಸೇರಿದ್ದು. ಪೆಟ್ರೋಲ್ ಮತ್ತು ಗಾಳಿ ಮೊದಲು ಅಲ್ಲಿಗೆ ಬಂದು, ಒತ್ತಡಕ್ಕೆ ಸಿಕ್ಕಿ, ಆಮೇಲೆ ಮೇಲಕ್ಕೆ ಹೋಗುತ್ತದೆ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು ಒಣಗಿ ಬಿರುಕು ಬಿಟ್ಟಿತೆಂದರೆ ಒಂದು ಕಡೆಯಿಂದ ಕಳ್ಳಗಾಳಿ, ಇನ್ನೊಂದು ಕಡೆಯಿಂದ ಗೇರಿನ ಎಣ್ಣೆ ಒಳಗೆ ಬರುತ್ತದೆ. ಬೀದಿ ತುಂಬ ಬಿಳಿ ಹೊಗೆ. ಜನ ಕಾರ್ಬುರೇಟರನ್ನು ಬಯ್ಯುತ್ತಾರೆ, ತಪ್ಪು ಒಂದು ಸಣ್ಣ ರಬ್ಬರ್ ಬಳೆಯದಾಗಿರುತ್ತದೆ. ಅದನ್ನು ಬದಲಿಸಲು ಎಂಜಿನ್ನನ್ನು ಎರಡು ಹೋಳು ಮಾಡಲೇಬೇಕು.

ಹೋಳು ಮಾಡಿದ ಮೇಲೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡ್ ಬುಡದಲ್ಲಿ ಆಡುತ್ತಿರುವುದು ಕೈಗೇ ತಿಳಿಯಿತು. ಕ್ರ್ಯಾಂಕ್ ಬಿಡಿಸಿ ಹೊಸ ಪಿನ್ನು, ರಾಡ್, ರೋಲರುಗಳನ್ನು ಹಾಕುವುದು ಮನೆಯ ಶೆಡ್ಡಿನಲ್ಲಿ ಆಗುವ ಕೆಲಸವಲ್ಲ, ಅದಕ್ಕೆ ಪ್ರೆಸ್ ಬೇಕು. ಕಾರ್ಖಾನೆಯಲ್ಲಿ ಎಂಜಿನ್ ವಿಭಾಗದಲ್ಲಿದ್ದ ಹಿರಿಯರೊಬ್ಬರು ಈಗಲೂ ತಮ್ಮ ಅಳಿಯನ ಲೇತ್ ಅಂಗಡಿಯಲ್ಲಿ ಕೂರುತ್ತಾರೆ ಎಂದು ತಿಳಿದು ಅಲ್ಲಿಗೆ ಹೋದೆ. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಹೊಸ ಪಿನ್ನನ್ನು ಪ್ರೆಸ್ಸಿನಲ್ಲಿ ಕೂರಿಸಿಯಾದ ಮೇಲೆ ಕ್ರ್ಯಾಂಕಿನ ಎರಡು ಚಕ್ರಗಳ ತುದಿಗಳು ಒಂದೇ ಗೆರೆಗೆ ಬರಬೇಕು. ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ಹಿಡಿದು, ಡಯಲ್ ಗೇಜಿನ ಕಡ್ಡಿ ತಾಗಿಸಿ, ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಅತ್ತಿತ್ತ ಓಡಾಡಿತು. ಸೀಮೆಸುಣ್ಣದಲ್ಲಿ ಚಕ್ರದ ಅಂಚಿಗೊಂದು ಗುರುತು ಹಾಕಿ, ಹೊರತೆಗೆದು, ತಾಮ್ರದ ಸುತ್ತಿಗೆಯಿಂದ ಅಲ್ಲಿಗೇ ಒಂದು ಪೆಟ್ಟು. ಮತ್ತೆ ಮೊನೆಗಳ ನಡುವೆ, ಮತ್ತೆ ಸುತ್ತು. ಮುಳ್ಳಿನ ಓಡಾಟ ಅರ್ಧಕ್ಕಿಳಿಯಿತು. ಇನ್ನೊಂದು ಪೆಟ್ಟು, ಮೊದಲಿನದಕ್ಕಿಂತ ಹಗುರ. ಮಿಲಿಮೀಟರಿನ ನೂರನೇ ಭಾಗದಲ್ಲಿ ಎರಡು ಮೂರು ಗೆರೆಯಷ್ಟೇ ಮುಳ್ಳು ಅಲುಗಿದಾಗ ಕೈ ಒರೆಸಿಕೊಂಡರು. ಪೆಟ್ಟಿನ ತೂಕ ಹೇಗೆ ಗೊತ್ತಾಗುತ್ತದೆ ಎಂದೆ. ‘ಗೊತ್ತಾಗದಿದ್ದರೆ ಇನ್ನೊಂದು ಹೊಡೆಯುವುದು’ ಎಂದರು.

ಚಹಾ ಬಂತು. ನನ್ನ ಗಾಡಿಯ ಹಿಂದಿನ ದೀಪ ಬೇರೆ ಮಾದರಿಯದು ಎಂದು ಗೆಳೆಯರು ಹೇಳಿದ್ದರು, ಅದನ್ನು ಕೇಳಿದೆ. ‘ಮೇಸ್ತ್ರಿಗಳೇ, 69ರ ಗಾಡಿಗೆ ಹಿಂದಿನ ದೀಪ ಯಾವುದು ಬರುತ್ತಿತ್ತು?’

‘ಯಾವ ತಿಂಗಳಿನ ಗಾಡಿ?’

‘ಅದು ಗೊತ್ತಿಲ್ಲ.’

‘ನಾನು ಸೇರಿದ್ದು ಆಮೇಲೆ ಸಾರ್. ನಮ್ಮ ಕಾಲದಲ್ಲಿ ಸ್ಟೋರಿನಿಂದ ಯಾವುದು ಬರುತ್ತಿತ್ತೋ ಅದನ್ನು ಜೋಡಿಸುತ್ತಿದ್ದೆವು. ಇವತ್ತು ಇವರ ಸ್ವಿಚ್ಚು, ನಾಳೆ ಅವರದ್ದು. ಗಾಡಿ ಓಡಬೇಕು, ದೀಪ ಉರಿಯಬೇಕು. ನೀವೀಗ ಬಂದು ಯಾವುದು ಒರಿಜಿನಲ್ ಎಂದು ಜಗಳ ಆಡುತ್ತೀರಿ.’ ಬೈದದ್ದಲ್ಲ, ನಗುತ್ತಲೇ ಹೇಳಿದರು.

ಆ ಮಾತು ನನ್ನ ತಲೆಯೊಳಗೆ ಬಹಳ ಹೊತ್ತು ಸುತ್ತಿತು. ಮೈಸೂರಿನ ಗಾಡಿಯ ಮೂಲ ಯಾವುದು? ಜೆಕೊಸ್ಲೊವಾಕಿಯಾದಲ್ಲಿ 1950ರ ದಶಕದಲ್ಲಿ ರೂಪುಗೊಂಡ 353 ಮಾದರಿ. ಮೈಸೂರಿನ ಕಾರ್ಖಾನೆ ಕಟ್ಟಿದ ರುಸ್ತುಂ ಇರಾನಿಯವರು ಅದನ್ನು ಇಲ್ಲಿಗೆ ತಂದು 1961ರಲ್ಲಿ ತಯಾರಿಕೆ ಶುರುಮಾಡಿದಾಗ ಭಾಗಗಳು ಅಲ್ಲಿಂದ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಬರಬರುತ್ತ ಒಂದೊಂದಾಗಿ ಇಲ್ಲಿಯೇ ತಯಾರಾದವು. ಅಂದರೆ ಕಾರ್ಖಾನೆಯೇ ಆ ಗಾಡಿಯನ್ನು ದಿನದಿನಕ್ಕೂ ನಮ್ಮ ರಸ್ತೆಗೆ, ನಮ್ಮ ಸಾಮಾನಿಗೆ ಒಗ್ಗಿಸುತ್ತಿತ್ತು. ಪಾಂಡವಪುರದ ಕಮ್ಮಾರ ಕೊಕ್ಕೆ ಬೆಸೆದಾಗ ಮಾಡಿದ್ದೂ ಅದನ್ನೇ. ಕಾರ್ಖಾನೆಯ ಗೇಟಿನೊಳಗೆ ಮಾಡಿದ್ದು ಅಸಲಿ, ಗೇಟಿನಾಚೆ ಮಾಡಿದ್ದು ಕುಲಗೆಡಿಸಿದ್ದು ಎನ್ನುವ ಗೆರೆಯನ್ನು ಎಳೆದವರು ಯಾರು?

ಈ ಕಾಲದ ಪೆಟ್ರೋಲು

ಒಂದು ವಿಷಯದಲ್ಲಿ ಮಾತ್ರ ಹಳೆಯದಕ್ಕೆ ಅಂಟಿಕೊಂಡರೆ ಗಾಡಿಯೇ ಉಳಿಯುವುದಿಲ್ಲ. ಬೆಂಗಳೂರಿನಲ್ಲಿಯೇ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾದ, ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗುವುದು. ಎಥನಾಲು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ದಿನವೂ ಓಡುವ ಗಾಡಿಗೆ ತೊಂದರೆ ಕಡಿಮೆ. ವಾರಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಇಳಿದು ಮತ್ತೆ ತುಕ್ಕು. ಹಳೆಯ ರಬ್ಬರುಗಳೂ ಊದಿಕೊಳ್ಳುತ್ತವೆ ಅಥವಾ ಪುಡಿಯಾಗುತ್ತವೆ. ಹಾಗಾಗಿ ಪೆಟ್ರೋಲ್ ಕೊಳವೆ, ನಲ್ಲಿಯ ವಾಷರು, ಕಾರ್ಬುರೇಟರಿನ ರಬ್ಬರು ಎಲ್ಲವನ್ನೂ ಈ ಕಾಲದ ಸಾಮಾನಿಗೆ ಬದಲಿಸಿದೆ, ಮನಸ್ಸಿಗೆ ಯಾವ ಕಿರಿಕಿರಿಯೂ ಆಗಲಿಲ್ಲ. ಲೀಟರಿಗೆ 40 ಮಿಲಿಲೀಟರಿನಂತೆ ಟೂ ಸ್ಟ್ರೋಕ್ ಎಂಜಿನ್ನಿನ ಟೂಟಿ ಎಣ್ಣೆ ಬೆರೆಸುವ ಶಾಸ್ತ್ರ ಮಾತ್ರ ಹಾಗೆಯೇ ಇದೆ. ಬಂಕಿನ ಹುಡುಗರಿಗೆ ಇದು ತಮಾಷೆ. ಪೆಟ್ರೋಲ್ ಹಾಕಿಸಿಕೊಂಡು, ಎಣ್ಣೆಯನ್ನು ಅಳೆದು ಸುರಿದು, ಗಾಡಿಯನ್ನು ಹಿಡಿದು ಅಲ್ಲಾಡಿಸುವ ಮಧ್ಯವಯಸ್ಕನನ್ನು ಅವರು ಬೇರೆಲ್ಲಿ ನೋಡಬೇಕು?

ಕಚೇರಿಯ ಲೆಕ್ಕದಲ್ಲಿ

ಗಾಡಿ ಓಡಿತು ಎಂದರೆ ಕೆಲಸ ಮುಗಿಯಲಿಲ್ಲ, ಕಾಗದ ಬಾಕಿ ಇರುತ್ತದೆ. ಇಲ್ಲಿ ಎರಡು ದಾರಿಗಳಿವೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿಯೇ ಇರಬೇಕು, ಚಾಸಿಸ್, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಕಟ್ಟಿದರೆ ವಿಎ ಎಂಬ ಅಕ್ಷರಗಳಿರುವ ನಂಬರು, ಹತ್ತು ವರ್ಷ ಚಾಲ್ತಿ. ಕೇಳಲು ಚೆನ್ನಾಗಿದೆ. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಇನ್ನೊಂದು, ಎಲ್ಲ ಹಳೆಯ ಖಾಸಗಿ ಗಾಡಿಗಳ ದಾರಿ: ಹದಿನೈದು ವರ್ಷ ಆದ ಮೇಲೆ ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು.

ಕೊಕ್ಕೆಗಳು ದೊಡ್ಡ ಮಾರ್ಪಾಡೇ ಎಂದು ಆರ್‌ಟಿಒ ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವವರನ್ನು ಕೇಳಿದೆ. ‘ಕೇಳಿದರೆ ಹೌದು ಎನ್ನುತ್ತಾರೆ, ಕೇಳದಿದ್ದರೆ ಯಾರೂ ನೋಡುವುದಿಲ್ಲ ಸಾರ್’ ಎಂದರು. ಅನುಭವದ ಮಾತು. ನಾನು ಎರಡನೆಯ ದಾರಿಯನ್ನೇ ಹಿಡಿದೆ. ಹಾಲು ಸಾಗಿಸಲು ಬಂದ ಗಾಡಿಗೆ ರ‍್ಯಾಲಿಗೆ ಮಾತ್ರ ಹೊರಡುವ ಯೋಗ ಬೇಡ ಅನ್ನಿಸಿತು. ಮೊದಲು 31ನೆಯ ನಮೂನೆಯಲ್ಲಿ ತೀರಿಕೊಂಡ ಯಜಮಾನರಿಂದ ಮೇಷ್ಟ್ರ ಹೆಸರಿಗೆ, ಆಮೇಲೆ 29 ಮತ್ತು 30ರಲ್ಲಿ ಅವರಿಂದ ನನ್ನ ಹೆಸರಿಗೆ, ಕೊನೆಗೆ 25ರಲ್ಲಿ ನವೀಕರಣಕ್ಕೆ. ಮೇಷ್ಟ್ರು ಮರಣ ಪತ್ರ, ವಂಶವೃಕ್ಷ ಎಲ್ಲ ಹಿಡಿದುಕೊಂಡು ರಜೆ ಹಾಕಿ ಬಂದರು, ಬೇಸರಿಸಲಿಲ್ಲ. ತಪಾಸಣೆಯ ದಿನ ಇನ್‌ಸ್ಪೆಕ್ಟರು ಚಾಸಿಸ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಕಾಗದಕ್ಕೆ ಅಚ್ಚು ತೆಗೆದುಕೊಂಡರು, ಹಾರ್ನ್ ಹೊಡೆದು ನೋಡಿದರು, ಬ್ರೇಕ್ ನೋಡಿದರು. ಆರು ವೋಲ್ಟಿನ ದೀಪದ ಮಂದ ಬೆಳಕಿಗೆ ಮುಖ ಸಿಂಡರಿಸಿ, ರಾತ್ರಿ ಹೆದ್ದಾರಿಗೆ ಹೋಗಬೇಡಿ ಎಂದರು. ಅದು ನ್ಯಾಯವೇ.

ಈಗ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ತರಕಾರಿಗೆ ಹೋಗುವುದು ಇದರಲ್ಲೇ. ಇಳಿಜಾರಿನಲ್ಲಿ ಎರಡನೆಯ ಗೇರು ಒಮ್ಮೊಮ್ಮೆ ತಾನಾಗಿಯೇ ಜಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಗೇರನ್ನು ಸರಿಸುವ ಒಳಗಿನ ಫೋರ್ಕು ಸವೆದಿರಬೇಕು, ಮಳೆಗಾಲ ಮುಗಿಯಲಿ, ತಂದುಬಿಡಿ ಎಂದಿದ್ದಾರೆ ಮೇಸ್ತ್ರಿ. ಫೋರ್ಕು ಇಲ್ಲಿಯದು ಸಾಲದು, ಜೆಕ್‌ನಿಂದಲೇ ತರಿಸಬೇಕಾಗಬಹುದಂತೆ.